ಬೀಗದ ಕೈ

ನಮ್ಮ ಗಾದೆಗಳಲ್ಲಿ ಬಾಗಿಲು ಹಾಕುವುದೇ ಜಾಣತನ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ತಡ ಮಾಡಿದವರನ್ನು ಕಂಡು ನಗುತ್ತೇವೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಇನ್ನೊಂದು ಗಾದೆಯೂ ಇದೆ. ಎರಡೂ ಒಂದೇ ಬುದ್ಧಿ ಹೇಳುತ್ತವೆಂದು ಮಕ್ಕಳಿಗೆ ಒಂದರ ಕೆಳಗೊಂದು ಬರೆಸುತ್ತೇವೆ. ಆದರೆ ಅವು ಒಂದಕ್ಕೊಂದು ಜಗಳವಾಡುವ ಗಾದೆಗಳೆಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಕಳ್ಳನಿಗೆ ಹೆದರಿದವರು ಬಾಗಿಲಿಗೆ ಬೀಗ ಹಾಕಬೇಕು. ಬೆಂಕಿಗೆ ಹೆದರಿದವರು ಅದೇ ಬಾಗಿಲ ಬೀಗ ತೆಗೆದಿಡಬೇಕು. ಬಾಗಿಲು ಒಂದೇ, ಭಯ ಎರಡು. ಯಾವ ಭಯದ ಮಾತು ಕೇಳುವುದು? ಅದಕ್ಕಿಂತ ಮುಖ್ಯವಾಗಿ, ಒಳಗಿರುವವರ ಪರವಾಗಿ ಅದನ್ನು ತೀರ್ಮಾನಿಸುವ ಹಕ್ಕು ಯಾರದು?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಸರ್ಕಾರದವರು ನಡೆಸಿದ ಒಂದು ದಿನದ ತರಬೇತಿಯಿಂದ. ತರಬೇತಿ ಎಂದರೆ ನಮ್ಮ ಉಪಾಧ್ಯಾಯ ವರ್ಗಕ್ಕೆ ಹೊಸದೇನಲ್ಲ. ಚುನಾವಣೆಗೊಂದು, ಗಣತಿಗೊಂದು, ಪಠ್ಯಪುಸ್ತಕ ಬದಲಾದರೆ ಮತ್ತೊಂದು. ಬೆಳಿಗ್ಗೆ ಒಂದು ಸಹಿ, ಹನ್ನೊಂದಕ್ಕೆ ಟೀ, ಮಧ್ಯಾಹ್ನ ಪುಳಿಯೋಗರೆ ಮೊಸರನ್ನ, ಸಂಜೆ ಇನ್ನೊಂದು ಸಹಿ. ಈ ಸಲದ್ದು ಕಟ್ಟಡ ಮತ್ತು ಅಗ್ನಿ ಸುರಕ್ಷತೆಯ ನಿಯಮಗಳ ಬಗ್ಗೆ ಎಂದು ತಿಳಿದಾಗ, "ಇದು ಇಂಜಿನಿಯರುಗಳಿಗೆ ಸೇರಿದ್ದಲ್ವೇನ್ರೀ, ನಮ್ಮನ್ನ ಯಾಕೆ ಕರೆದರೋ" ಎಂದು ಪಕ್ಕದಲ್ಲಿ ಕೂತ ಟೀಚರು ಚೀಲದಿಂದ ಕ್ರೋಶಾ ಕಡ್ಡಿ ಹೊರತೆಗೆದರು. ಅವರ ಮಾತಿನಲ್ಲಿ ತಪ್ಪಿಲ್ಲ. ಇಂಥ ವಿಷಯಗಳಿಗೆ ತರಬೇತಿ ಕೊಡಲೆಂದೇ ಬೆಂಗಳೂರಿನಲ್ಲಿ ಆರ್.ಎ. ಮುಂಡ್ಕೂರ್ ಅಗ್ನಿಶಾಮಕ ತರಬೇತಿ ಅಕಾಡೆಮಿ ಇದೆ. ನಮ್ಮ ಮೈಸೂರಿನ ಲಲಿತಮಹಲ್ ರಸ್ತೆಯಲ್ಲಿ ಸರ್ಕಾರಿ ಅಧಿಕಾರಿಗಳಿಗೆಂದೇ ಆಡಳಿತ ತರಬೇತಿ ಸಂಸ್ಥೆ ಇದೆ. ಕನ್ನಡ ವ್ಯಾಕರಣ ಹೇಳಿಕೊಡುವವಳಿಗೆ ಮೆಟ್ಟಿಲಿನ ಅಗಲ ತಿಳಿದು ಆಗಬೇಕಾದ್ದೇನು?

ಕಾರಣವನ್ನು ಮೊದಲ ಅರ್ಧ ಗಂಟೆಯಲ್ಲೇ ಹೇಳಿದರು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟದ ಅಡುಗೆಮನೆಯಿಂದ ಎದ್ದ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಆ ದುರಂತದ ನಂತರ ಸುಪ್ರೀಂ ಕೋರ್ಟಿಗೆ ಹೋದ ಒಂದು ಸಾರ್ವಜನಿಕ ಅರ್ಜಿಯ ತೀರ್ಪು 2009ರ ಏಪ್ರಿಲ್ 13ರಂದು ಬಂತು. ಶಿಕ್ಷಣದ ಹಕ್ಕು ಎಂದರೆ ಸುರಕ್ಷಿತವಾದ ಶಾಲೆಯಲ್ಲಿ ಕಲಿಯುವ ಹಕ್ಕೂ ಹೌದು ಎಂಬುದು ಅದರ ತಿರುಳು. ಮಾನ್ಯತೆ ಕೊಡುವ ಮುಂಚೆ ಕಟ್ಟಡ ಸುರಕ್ಷಿತವೇ ಎಂದು ಸರ್ಕಾರ ನೋಡಬೇಕು, ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನ ಇರಬೇಕು, ಅದನ್ನು ಬಳಸಲು ಸಿಬ್ಬಂದಿಗೆ ತರಬೇತಿ ಆಗಬೇಕು ಎಂದು ನ್ಯಾಯಾಲಯ ಹೇಳಿತು. ಸಿಬ್ಬಂದಿ ಎಂದರೆ ನಾವೇ. ಪಕ್ಕದವರ ಕ್ರೋಶಾ ಕಡ್ಡಿ ಸದ್ದಿಲ್ಲದೆ ಚೀಲಕ್ಕೆ ಮರಳಿತು. ತೊಂಬತ್ತನಾಲ್ಕು ಎಂದರೆ ಎರಡು ತರಗತಿಗಳ ಹಾಜರಿ ಪುಸ್ತಕ. ಹೆಸರು ಕೂಗಿ ಕೂಗಿ ಅಭ್ಯಾಸವಾದ ನಮಗೆ ಆ ಸಂಖ್ಯೆ ಬರೀ ಸಂಖ್ಯೆಯಾಗಿ ಕೇಳಿಸುವುದಿಲ್ಲ.

ನಿಯಮಗಳೆಂದರೆ ಒಣಗಿದ ಸೌದೆಯ ಹಾಗೆ ಇರುತ್ತವೆ ಎಂದುಕೊಂಡು ಹೋಗಿದ್ದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಎಂಬ ಗ್ರಂಥವೊಂದಿದೆ. 1970ರಲ್ಲಿ ಮೊದಲು ಬಂದು, 1983, 2005, 2016ರಲ್ಲಿ ತಿದ್ದುಪಡಿಯಾದದ್ದು. ಅದು ತಾನಾಗಿ ಕಾನೂನಲ್ಲ. ರಾಜ್ಯಗಳೂ ನಗರಸಭೆಗಳೂ ತಮ್ಮ ನಿಯಮಗಳಲ್ಲಿ ಅಳವಡಿಸಿಕೊಂಡಾಗಲೇ ಅದಕ್ಕೆ ಹಲ್ಲು ಬರುವುದು. ಕಂಬ ಎಷ್ಟು ಭಾರ ಹೊರಬೇಕು, ಗೋಡೆಗೆ ಎಷ್ಟು ವಯಸ್ಸಾಗಿದೆ ಎಂಬುದನ್ನು ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ; 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದನ್ನು ಕಂಡವರು ನಾವು. ಶಾಲೆಯ ಮೆಟ್ಟಿಲು ಒಂದೂವರೆ ಮೀಟರಿಗಿಂತ ಕಿರಿದಾಗಿರಬಾರದು, ಹೊರಹೋಗುವ ಬಾಗಿಲು ಒಂದು ಮೀಟರಿಗಿಂತ ಕಿರಿದಾಗಿರಬಾರದು, ಅದು ಹೊರಮುಖವಾಗಿ ತೆರೆಯಬೇಕು. ಹೀಗೆ ಒಂದೊಂದೇ ಹೇಳುತ್ತಾ ಬಂದರು. ಒಳಮುಖವಾಗಿ ತೆರೆಯುವ ಬಾಗಿಲಿನ ಮೇಲೆ ಐವತ್ತು ಮಕ್ಕಳು ಒಟ್ಟಿಗೆ ಒರಗಿದರೆ ಅದನ್ನು ಎಳೆದು ತೆರೆಯಲು ಯಾರಿಂದಲೂ ಆಗುವುದಿಲ್ಲ ಎಂದಾಗ ಕೋಣೆಯಲ್ಲಿ ಎಲ್ಲರೂ ತಿರುಗಿ ನಾವು ಕೂತಿದ್ದ ಕೋಣೆಯ ಬಾಗಿಲನ್ನೇ ನೋಡಿದೆವು.

ಆಮೇಲೆ ಅಗ್ನಿಶಾಮಕ ದಳದ ಅಧಿಕಾರಿ ಒಂದು ಪ್ರಶ್ನೆ ಕೇಳಿದರು: "ಮೇಡಂ, ನಿಮ್ಮ ನಿಮ್ಮ ಸ್ಕೂಲಿನ ಗೇಟಿಗೆ ಹಾಕಿರೋ ಬೀಗದ ಕೈ ಈ ಕ್ಷಣ ಯಾರ ಹತ್ರ ಇದೆ?" ಒಬ್ಬೊಬ್ಬರದು ಒಂದೊಂದು ಉತ್ತರ. ಹೆಡ್‌ಮೇಡಂ ಮೇಜಿನ ಡ್ರಾಯರಿನಲ್ಲಿ. ಜವಾನನ ಜೇಬಿನಲ್ಲಿ. ಆಯಾ ಸೆರಗಿನ ತುದಿಯಲ್ಲಿ. ಸ್ಟಾಫ್ ರೂಮಿನ ಮೊಳೆಯಲ್ಲಿ. "ಜವಾನ ಈಗ ಎಲ್ಲಿದ್ದಾರೆ?" ಎಂದರು. ಬ್ಯಾಂಕಿಗೆ ಹೋಗಿರಬಹುದು, ಚಲನ್ ಕಟ್ಟಲು. ಯಾರೂ ನಗಲಿಲ್ಲ. ಅವರು ಸಂಹಿತೆಯ ಒಂದು ನಿಯಮವನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದರು: ಹೊರಹೋಗುವ ಬಾಗಿಲು ಒಳಗಿರುವವರಿಗೆ ಬೀಗದ ಕೈಯಿಲ್ಲದೆ ತೆರೆಯುವಂತಿರಬೇಕು.

ನಾನು ಮೂವತ್ತು ವರ್ಷದಿಂದ ಮಕ್ಕಳಿಗೆ ನೀತಿಪಾಠ ಹೇಳುತ್ತಾ ಬಂದವಳು. ದಯೆ, ಸತ್ಯ, ಅಹಿಂಸೆ ಎಲ್ಲದರ ಮೇಲೂ ಪ್ರಬಂಧ ಬರೆಸಿದ್ದೇನೆ. ಆದರೆ ಒಂದು ಸರ್ಕಾರಿ ನಿಯಮದಲ್ಲಿ ಇಷ್ಟು ದೊಡ್ಡ ನೀತಿ ಅಡಗಿರಬಹುದೆಂದು ಎಣಿಸಿರಲಿಲ್ಲ. ಒಳಗಿರುವವರ ಜೀವ ಹೊರಗಿರುವವರ ನೆನಪಿನ ಶಕ್ತಿಯ ಮೇಲೆ ನಿಂತಿರಬಾರದು. ಅವರ ಒಳ್ಳೆಯತನದ ಮೇಲೂ ನಿಂತಿರಬಾರದು. ಆ ಒಂದು ಸಾಲು ಹೇಳುತ್ತಿರುವುದು ಇಷ್ಟೇ. ಬೀಗ ಹಾಕಿದವರು ಒಳ್ಳೆಯವರೋ ಕೆಟ್ಟವರೋ ಎಂದು ಹೊಗೆ ವಿಚಾರಿಸುವುದಿಲ್ಲ.

ಮೈಸೂರಿಗೆ ಬೆಂಕಿಯ ಪಾಠ ಹೊಸದಲ್ಲ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮರದ ಅರಮನೆಗೆ ಬೆಂಕಿ ಬಿತ್ತು. ಆಗ ರಾಜ್ಯಭಾರ ನೋಡುತ್ತಿದ್ದವರು ಒಬ್ಬ ಹೆಂಗಸು, ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಹೊಸ ಅರಮನೆಯ ಕೆಲಸವನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಒಪ್ಪಿಸಿದರು. 1912ರಲ್ಲಿ ಮುಗಿದ ಆ ಅರಮನೆ ಕಲ್ಲಿನದು. ಕಲ್ಯಾಣ ಮಂಟಪದ ಕಬ್ಬಿಣದ ಕಂಬಗಳನ್ನು ಗ್ಲಾಸ್ಗೋದಲ್ಲಿ ಎರಕ ಹೊಯ್ಯಿಸಿ ತಂದರು. ದಸರಾ ದೀಪಗಳಲ್ಲಿ ನಾವು ಬಾಯಿ ಬಿಟ್ಟು ನೋಡುವ ಸೊಬಗಿನ ಹಿಂದೆ ಒಂದು ಸುಟ್ಟ ಮನೆಯ ನೆನಪಿದೆ.

ಆದರೆ ಅರಮನೆ ಕಲಿತ ಪಾಠವನ್ನು ಊರು ಕಲಿಯಲಿಲ್ಲ. 1989ರ ಫೆಬ್ರವರಿ 8ರಂದು ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕುರಿತ ಟಿ.ವಿ. ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹತ್ತಿ 62 ಮಂದಿ ಸತ್ತರು. ನಾನಾಗ ಬಿ.ಎ. ಓದುತ್ತಿದ್ದೆ. ಆ ವಾರ ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೋದರೂ ಅದೇ ಮಾತು. ಪತ್ರಿಕೆ ಬಂದೊಡನೆ ಹೆಸರುಗಳ ಪಟ್ಟಿಯನ್ನೇ ಮೊದಲು ಓದುತ್ತಿದ್ದರು. ಸಡಿಲವಾದ ವೈರಿಂಗ್, ಗಾಳಿಯಾಡಲು ದಾರಿಯಿಲ್ಲದ ಕಟ್ಟಡ, ಗೋಡೆಗಳಿಗೆ ಬೆಂಕಿ ತಡೆಯುವ ವಸ್ತುವಿನ ಬದಲು ಗೋಣಿಚೀಲ, ಒಳಗೆ ದೊಡ್ಡ ದೊಡ್ಡ ದೀಪಗಳ ಕಾವು, ಇವೇ ಕಾರಣಗಳೆಂದು ಆಮೇಲೆ ತಿಳಿಯಿತು. ಇವುಗಳಲ್ಲಿ ಒಂದಾದರೂ ದೇವರ ಆಟವಲ್ಲ. ಒಂದಕ್ಕಾದರೂ ಬಹಳ ಓದು ಬೇಕಿರಲಿಲ್ಲ. ನಾವು ಮಾತ್ರ ಬಹಳ ದಿನ 'ಅವರ ಹಣೆಬರಹ' ಎನ್ನುತ್ತಿದ್ದೆವು. ಹಣೆಬರಹ ಎನ್ನುವ ಮಾತಿನಲ್ಲಿ ಸತ್ತವರಿಗೆ ಕರುಣೆ ಇರಬಹುದು, ಮುಂದೆ ಅಲ್ಲಿಗೆ ಕೆಲಸಕ್ಕೆ ಹೋಗುವವರಿಗೆ ಅದರಿಂದ ಏನೂ ಸಿಗುವುದಿಲ್ಲ.

ಬೀಗದ ಕಥೆಗೆ ಬರುತ್ತೇನೆ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು 146 ಮಂದಿ ಸತ್ತರು. ಬಹುಪಾಲು ಹೆಣ್ಣುಮಕ್ಕಳು, ಹೊಲಿಗೆ ಯಂತ್ರದ ಮುಂದೆ ಕೂತು ದುಡಿಯುತ್ತಿದ್ದವರು. ಕೆಲಸದವರು ಬಟ್ಟೆ ಕದ್ದೊಯ್ಯದಿರಲೆಂದು ಒಂದು ಬಾಗಿಲಿಗೆ ಬೀಗ ಹಾಕಿತ್ತು. ಅವರಲ್ಲಿ ಅನೇಕರು ಕಿಟಕಿಯಿಂದ ಹಾರಿ ಬಿದ್ದದ್ದನ್ನು ಬೀದಿಯಲ್ಲಿ ನಿಂತು ಕಂಡ ಫ್ರಾನ್ಸಿಸ್ ಪರ್ಕಿನ್ಸ್ ಎಂಬ ಮಹಿಳೆ ಕಾರ್ಮಿಕರ ರಕ್ಷಣೆಗಾಗಿ ದುಡಿದು, 1933ರಲ್ಲಿ ಆ ದೇಶದ ಕಾರ್ಮಿಕ ಮಂತ್ರಿಯಾದರು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಮಂದಿ ಉಸಿರುಕಟ್ಟಿ ಸತ್ತಾಗ, ಬಾಲ್ಕನಿಯಲ್ಲಿ ಹೆಚ್ಚು ಟಿಕೆಟ್ಟು ಮಾರಲೆಂದು ಕುರ್ಚಿಗಳನ್ನು ಸೇರಿಸಿ ಹೊರಹೋಗುವ ಒಂದು ದಾರಿಯನ್ನೇ ಮುಚ್ಚಿದ್ದು ಬೆಳಕಿಗೆ ಬಂತು. ಒಂದು ಕಡೆ ಬಟ್ಟೆ, ಇನ್ನೊಂದು ಕಡೆ ಟಿಕೆಟ್ಟು. ಇವುಗಳ ಮೇಲೆ ತೀರ್ಪು ಕೊಡುವುದು ಸುಲಭ. ಲೋಭ ಎಂಬ ಒಂದು ಶಬ್ದ ಸಾಕು.

ಕಷ್ಟವಿರುವುದು ಪ್ರೀತಿಯಿಂದ ಹಾಕಿದ ಬೀಗದಲ್ಲಿ. ನಾನು ಪಾಠ ಹೇಳುವುದು ಹೆಣ್ಣುಮಕ್ಕಳ ಶಾಲೆಯಲ್ಲಿ. ಮೆಟ್ಟಿಲ ಬುಡದಲ್ಲಿ ಒಂದು ಕೊಲ್ಯಾಪ್ಸಿಬಲ್ ಗೇಟು. ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ಮೇಲೆ ಹೋದ ಮೇಲೆ ಅದಕ್ಕೆ ಬೀಗ ಬೀಳುತ್ತಿತ್ತು, ಊಟದ ಗಂಟೆಗೆ ತೆರೆಯುತ್ತಿತ್ತು. ತರಬೇತಿ ಮುಗಿಸಿ ಬಂದ ವಾರವೇ ಹೆಡ್‌ಮೇಡಂ ಹತ್ತಿರ ಹೋಗಿ ಶಾಲೆ ನಡೆಯುವ ಹೊತ್ತಿನಲ್ಲಿ ಆ ಬೀಗ ಬೇಡ ಎಂದೆ. ಅವರು ಕೆಟ್ಟವರಲ್ಲ. "ನೋಡಿ, ಹೆಣ್ಣುಮಕ್ಕಳು. ಹೊರಗೆ ಯಾರೋ ಬೈಕಿನಲ್ಲಿ ನಿಂತಿರ್ತಾರೆ. ಒಂದು ಮಗು ಹೊರಗೆ ಹೋಗಿ ಏನಾದ್ರೂ ಆದ್ರೆ ತಾಯಿ ಬಂದು ನನ್ನನ್ನ ಕೇಳ್ತಾಳೆ, ನಿಮ್ಮ ಫೈರ್ ಆಫೀಸರನ್ನ ಕೇಳಲ್ಲ" ಎಂದರು. ಪೋಷಕರ ಸಭೆಯಲ್ಲಿ ವಿಷಯ ಬಂದಾಗ ತಾಯಂದಿರೂ ಅದನ್ನೇ ಹೇಳಿದರು. "ಬೆಂಕಿ ಯಾವತ್ತೋ ಬೀಳತ್ತೆ ಮಿಸ್, ಪೋಲಿ ಹುಡುಗರು ದಿನಾ ಬರ್ತಾರೆ" ಎಂದು ಒಬ್ಬಾಕೆ ಎದ್ದು ನಿಂತು ಹೇಳಿದಳು. ಆಕೆಯ ಮಾತಿಗೆ ಬಹಳ ತಲೆಗಳು ಅಲ್ಲಾಡಿದವು.

ಆ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ. ದಿನನಿತ್ಯದ ಚಿಕ್ಕ ಭಯ, ಯಾವತ್ತೋ ಬರುವ ದೊಡ್ಡ ಭಯ, ಇವೆರಡನ್ನು ತಕ್ಕಡಿಯಲ್ಲಿಟ್ಟರೆ ದಿನದ ಭಯವೇ ತೂಗುತ್ತದೆ. ಹೆಣ್ಣುಮಕ್ಕಳನ್ನು ಹೆತ್ತವರಿಗೆ ಆ ಭಯ ಬರೀ ಕಲ್ಪನೆಯಲ್ಲ. ಆದರೆ ಬಹಳ ಯೋಚಿಸಿದ ಮೇಲೆ ನನಗೊಂದು ವಿಷಯ ಹೊಳೆಯಿತು. ಬೀಗ ಒಂದು ಕೆಲಸವನ್ನು ಮನುಷ್ಯರ ಕೈಯಿಂದ ತೆಗೆದುಕೊಳ್ಳುತ್ತದೆ. ಗೇಟಿನ ಬಳಿ ಒಬ್ಬರು ಕೂತು ಬಂದವರನ್ನು, ಹೋದವರನ್ನು ನೋಡಬೇಕು. ಅದಕ್ಕೆ ಸಂಬಳ ಬೇಕು, ಸಹನೆ ಬೇಕು. ಆ ಖರ್ಚನ್ನು ಉಳಿಸಿಕೊಳ್ಳಲು ನಾವು ಐವತ್ತು ರೂಪಾಯಿಯ ಬೀಗ ತಂದು ಅದಕ್ಕೆ ಕಾಳಜಿ ಎಂದು ಹೆಸರಿಡುತ್ತೇವೆ. ಪೋಲಿಗಳನ್ನು ಬೀದಿಯಿಂದ ಓಡಿಸಲಾಗದ ಊರು ಹುಡುಗಿಯರನ್ನು ಬೀಗದೊಳಗೆ ಇಡುತ್ತದೆ. ತಪ್ಪು ಮಾಡುವವರು ಹೊರಗೆ ಸ್ವತಂತ್ರರಾಗಿರುತ್ತಾರೆ. ಒಳಗಿರುವವರು ಎರಡೆರಡು ಸಲ ಬೆಲೆ ತೆರುತ್ತಾರೆ, ಬೆಂಕಿ ಬೀಳದ ದಿನ ಸ್ವಾತಂತ್ರ್ಯದಿಂದ, ಬಿದ್ದ ದಿನ ಜೀವದಿಂದ.

ಸಭೆಯಲ್ಲಿ ಇದನ್ನೇ ಸರಳವಾಗಿ ಹೇಳಿದೆ. ಬೀಗ ಬೇಕೇ ಬೇಕೆನ್ನುವವರು ಬೀಗದ ಪಕ್ಕದಲ್ಲಿ ಕೂರಬೇಕು. ಕೂರಲು ಜನ ಇದ್ದ ಮೇಲೆ ಬೀಗವೇ ಬೇಡವಲ್ಲ ಎಂದೆ. ಎಲ್ಲರೂ ಒಪ್ಪಲಿಲ್ಲ. ಆದರೆ ಮೂರು ತಿಂಗಳ ಓಡಾಟದ ನಂತರ ಗೇಟಿಗೆ ಬೀಗದ ಬದಲು ಒಳಗಿನಿಂದ ಮಕ್ಕಳ ಕೈಗೆ ಎಟುಕುವ ಚಿಲಕ ಬಂತು, ಆಯಾಗೆ ಅಲ್ಲಿಯೇ ಒಂದು ಸ್ಟೂಲು ಬಂತು. ಆಯಾ ಕೂತ ಮೇಲೆ ಬೈಕಿನವರು ಕಡಿಮೆಯಾದರು ಎಂಬುದನ್ನೂ ಹೇಳಬೇಕು. ಹಿಂದಿನ ಮೆಟ್ಟಿಲಿಗೆ ಮಾತ್ರ ಇನ್ನೂ ಬೀಗವಿದೆ. ಅಲ್ಲಿ ಮುರಿದ ಬೆಂಚುಗಳ ರಾಶಿ. ಅದಕ್ಕೂ ಅರ್ಜಿ ಬರೆದುಕೊಟ್ಟಿದ್ದೇನೆ, ಕೇಳುತ್ತಲೂ ಇದ್ದೇನೆ. ಇನ್ನೊಂದು ತಮಾಷೆ: 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಸ್ಫೋಟದಲ್ಲಿ ಸತ್ತ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ದೇಶದಲ್ಲೆಲ್ಲ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ಮಾಡುತ್ತಾರೆ. ಆ ಹೊತ್ತಿಗೆ ನಮ್ಮ ಶಾಲೆಗಳಿಗೆ ಬೇಸಿಗೆ ರಜ. ಅದಕ್ಕೇ ನಮ್ಮ ಅಣಕು ಕಸರತ್ತನ್ನು ಜೂನ್ ತಿಂಗಳಲ್ಲಿ, ಮಳೆ ಹನಿಯುತ್ತಿರುವಾಗಲೇ ಮಾಡಿಸುತ್ತೇವೆ. ಸರಸ್ವತಿಪುರಂ ಅಗ್ನಿಶಾಮಕ ಠಾಣೆ ನಮ್ಮ ಲಕ್ಷ್ಮೀಪುರಂಗೆ ದೂರವೇನಲ್ಲ, ಆದರೆ ವಾಹನ ಬರುವವರೆಗಿನ ಕೆಲವು ನಿಮಿಷಗಳು ನಮ್ಮವು.

ಶಾಲೆಯ ಗೇಟಿನಿಂದ ಮನೆಯ ಬಾಗಿಲಿಗೆ ಬಂದರೆ ಪ್ರಶ್ನೆ ಇನ್ನೂ ಹತ್ತಿರವಾಗುತ್ತದೆ. ಲಕ್ಷ್ಮೀಪುರಂನ ಹಳೆಯ ಮನೆಗಳಲ್ಲಿ ಮುಂಬಾಗಿಲಿನಷ್ಟೇ ಹಿತ್ತಿಲ ಬಾಗಿಲೂ ಮುಖ್ಯವಾಗಿತ್ತು. ಅದನ್ನು ಯಾರೂ ಬೆಂಕಿಗೆಂದು ಇಟ್ಟದ್ದಲ್ಲ. ಕೆಲಸದವರು ಆ ಕಡೆಯಿಂದಲೇ ಬರಬೇಕು, ಮುಟ್ಟಾದ ಹೆಂಗಸರು ಆ ಕಡೆಯೇ ಇರಬೇಕು ಎಂಬ ಕಟ್ಟಳೆಗಳೂ ಆ ಬಾಗಿಲಿಗೆ ಅಂಟಿಕೊಂಡಿದ್ದವು. ಕಟ್ಟಳೆಗಳು ಹೋದದ್ದು ಒಳ್ಳೆಯದಾಯಿತು. ಜೊತೆಗೆ ಬಾಗಿಲೂ ಹೋಯಿತು. ಈಗ ಹಳೆಯ ಮನೆ ಕೆಡವಿ ಎದ್ದ ಅಪಾರ್ಟ್‌ಮೆಂಟಿನಲ್ಲಿ ಒಂದೇ ಬಾಗಿಲು, ಅದರ ಹೊರಗೆ ಕಬ್ಬಿಣದ ಇನ್ನೊಂದು ಬಾಗಿಲು, ಪ್ರತಿ ಕಿಟಕಿಗೂ ಬಾಲ್ಕನಿಗೂ ಗ್ರಿಲ್ಲು. ಕೋತಿ ಬರುವುದಿಲ್ಲ, ಕಳ್ಳ ಬರುವುದಿಲ್ಲ. ನಾವು ಹೊರಗೆ ಹೋಗುವುದು ಹೇಗೆ ಎಂದು ಗ್ರಿಲ್ಲಿನವನಿಗೆ ಅಳತೆ ಕೊಡುವಾಗ ಯಾರೂ ಕೇಳುವುದಿಲ್ಲ. ಒಂದು ಕಿಟಕಿಯ ಗ್ರಿಲ್ಲಿಗೆ ಕೀಲು ಇಟ್ಟು ಒಳಗಿನಿಂದ ತೆರೆಯುವಂತೆ ಮಾಡಿಸಬಹುದು; ಹೆಚ್ಚೇನೂ ಖರ್ಚಲ್ಲ.

ನಮ್ಮ ಅಜ್ಜಿಯರ ಕಾಲದಲ್ಲಿ ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ಗೊಂಚಲು ಯಜಮಾನಿಕೆಯ ಗುರುತು. ಅತ್ತೆ ಅದನ್ನು ಸೊಸೆಯ ಕೈಗೆ ಕೊಟ್ಟ ದಿನ ಸೊಸೆಗೆ ಆ ಮನೆಯಲ್ಲಿ ನಿಜವಾಗಿ ಸ್ಥಾನ ಸಿಕ್ಕಿದಂತೆ. ಆದರೆ ಆ ಅಧಿಕಾರದಲ್ಲಿ ಒಂದು ಕಟ್ಟುಪಾಡು ಇತ್ತು: ಗೊಂಚಲು ಹೊತ್ತವಳು ಮನೆಯಲ್ಲೇ ಇರುತ್ತಿದ್ದಳು. ನಡೆದಾಡಿದರೆ ಗಲಗಲ ಸದ್ದು ಮನೆಗೆಲ್ಲ ಕೇಳುತ್ತಿತ್ತು. ಈಗ ಬೀಗದ ಕೈ ನಮ್ಮ ಪರ್ಸಿನಲ್ಲಿ ಕಚೇರಿಗೆ ಹೋಗುತ್ತದೆ, ಮದುವೆ ಮನೆಗೆ ಹೋಗುತ್ತದೆ. ಒಳಗೆ ಮರೆವಿನ ಕಾಯಿಲೆಯ ಮಾವನವರು ಇರುತ್ತಾರೆ. ಬೀಗ ಹಾಕದಿದ್ದರೆ ಅವರು ಬೀದಿಗಿಳಿದು ದಾರಿ ತಪ್ಪುತ್ತಾರೆ, ಹಾಕಿದರೆ ಒಳಗೆ ಹೊಗೆ ಎದ್ದಾಗ ಗತಿಯೇನು? ಇಂಥ ಮನೆಗಳನ್ನು ನಾನು ಬಲ್ಲೆ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯಲು ಬರುವ ಎಷ್ಟೋ ಹೆಂಗಸರು ಎರಡು ವರ್ಷದ ಮಗುವನ್ನು ಕೋಣೆಯಲ್ಲಿ ಬಿಟ್ಟು ಹೊರಗಿನಿಂದ ಚಿಲಕ ಹಾಕಿ ಬಂದಿರುತ್ತಾರೆ. ಅವಳಿಗೆ ಸಂಹಿತೆ ಓದಿ ಹೇಳಿದರೆ ಅದು ನೀತಿಯಲ್ಲ, ಕ್ರೌರ್ಯ. "ಮಗೂನ ಜೊತೆಗೆ ಕರಕೊಂಡು ಬಾ" ಎಂದು ನಾವು ಹೇಳಿದ್ದೇವೆಯೇ? ಅವಳ ಕೆಲಸದ ಹೊತ್ತಿಗೆ ಆ ಬೀದಿಯ ಅಂಗನವಾಡಿ ತೆರೆದಿರುತ್ತದೆಯೇ? ಅವಳು ಹಾಕಿದ ಚಿಲಕದಲ್ಲಿ ನಮ್ಮ ಕೈಯೂ ಇದೆ.

ಆದ್ದರಿಂದ ಬೀಗ ಹಾಕಿದವರೆಲ್ಲ ಒಂದೇ ತೂಕದ ಅಪರಾಧಿಗಳು ಎನ್ನಲಾರೆ. ಬಟ್ಟೆ ಉಳಿಸಲು ಹಾಕಿದವರು ಬೇರೆ, ಬೇರೆ ದಾರಿಯಿಲ್ಲದೆ ಹಾಕಿದವಳು ಬೇರೆ. ಆದರೆ ಎಲ್ಲರಿಗೂ ಹೊಂದುವ ಒಂದು ಅಳತೆ ಇದೆ ಎಂದು ನಂಬಿದ್ದೇನೆ. ಇನ್ನೊಬ್ಬರನ್ನು ಒಳಗಿಟ್ಟು ಬೀಗ ಹಾಕುವವರು, ಅವರು ಕೂಗಿದಾಗ ಓಗೊಡುವಷ್ಟು ಹತ್ತಿರ ಇರಬೇಕು. ಇರಲಾಗದಿದ್ದರೆ ಹಾಕುವ ಹಕ್ಕಿಲ್ಲ. ಹಕ್ಕಿಲ್ಲದಿದ್ದರೂ ಹಾಕಲೇಬೇಕಾಗಿ ಬಂದವರಿಗೆ, ಪಕ್ಕದ ಮನೆಯವರಾದರೂ ಇನ್ನೊಂದು ಬೀಗದ ಕೈ ಇಟ್ಟುಕೊಂಡು ನೆರವಾಗಬೇಕು. ನೆರೆಹೊರೆ ಎಂಬ ಶಬ್ದಕ್ಕೆ ಇದಕ್ಕಿಂತ ಹೆಚ್ಚಿನ ಅರ್ಥ ನನಗೆ ತಿಳಿಯದು.

ತರಬೇತಿಯಲ್ಲಿ ಹೇಳಿಕೊಟ್ಟ ಇನ್ನೊಂದು ಮಾತು ಇದರ ಜೊತೆಗೇ ನೆನಪಾಗುತ್ತದೆ. ಬೆಂಕಿ ಹತ್ತಿದ ಕೋಣೆಯಿಂದ ಎಲ್ಲರೂ ಹೊರಬಂದ ಮೇಲೆ ಅದರ ಬಾಗಿಲನ್ನು ಎಳೆದು ಮುಚ್ಚಿ ಎಂದರು. ಹೊಗೆ ಹಬ್ಬುವುದು ತಡವಾಗುತ್ತದೆ. ಆದರೆ ಬೀಗ ಹಾಕಬೇಡಿ ಎಂದರು, ಹಿಂದೆ ಯಾರಾದರೂ ಉಳಿದಿರಬಹುದು. ಮುಚ್ಚುವುದು ಬೇರೆ, ಬೀಗ ಹಾಕುವುದು ಬೇರೆ. ಮುಚ್ಚಿದ ಬಾಗಿಲು ಅಪಾಯವನ್ನು ತಡೆಯುತ್ತದೆ, ಬೀಗ ಹಾಕಿದ ಬಾಗಿಲು ಮನುಷ್ಯರನ್ನೂ ತಡೆಯುತ್ತದೆ. ಮಕ್ಕಳನ್ನು ಬೆಳೆಸುವುದರಲ್ಲೂ ನಾವು ಈ ವ್ಯತ್ಯಾಸವನ್ನು ಮರೆಯುತ್ತೇವೆ ಎನ್ನಿಸುತ್ತದೆ. ಗಾಳಿ ಮಳೆಗೆ ಬಾಗಿಲು ಮುಚ್ಚೋಣ, ತೆರೆಯುವ ಕೈಯನ್ನು ಅವರಿಗೆ ಕಲಿಸೋಣ.

ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಕಡೆಯದಾಗಿ ಮಲಗುವವರು ನೀವೇ ಇರಬಹುದು. ಗ್ಯಾಸಿನ ರೆಗ್ಯುಲೇಟರ್ ಆರಿಸಿ, ಹಾಲಿಗೆ ಹೆಪ್ಪು ಹಾಕಿ, ಬಾಗಿಲ ಬಳಿ ಬರುವವರು ನಾವೇ ತಾನೇ. ಬೀಗ ಹಾಕುವುದಾದರೆ ಹಾಕಿ. ಹಾಕಿದ ಮೇಲೆ ಬೀಗದ ಕೈ ಎಲ್ಲಿದೆ ಎಂದು ಮನೆಯ ಅತಿ ಚಿಕ್ಕವರಿಗೂ ಅತಿ ಹಿರಿಯರಿಗೂ ಕತ್ತಲಲ್ಲೂ ಗೊತ್ತಾಗುವ ಜಾಗದಲ್ಲಿ, ಬಾಗಿಲ ಪಕ್ಕದಲ್ಲೇ, ಅವರ ಕೈಗೆ ಎಟುಕುವಷ್ಟು ಎತ್ತರದಲ್ಲಿ ಒಂದು ಮೊಳೆ ಹೊಡೆಸಿ.